ತಿದ್ದಿದ ಕಾಗೆ

ಮಾರ್ಚ್ 3, ಸೋಮವಾರ. ಬೆಳಿಗ್ಗೆ

ಇನ್ನೊಂದು ಸೂಜಿ ಮುರಿಯಿತು. ತಿಳಿಸಿದ್ದು ಹೆಂಡತಿ, ಅದೂ ಅಡುಗೆಮನೆಯಿಂದ. ನಾನು ಮೆಷಿನ್ ಎದುರೇ ಕೂತಿದ್ದೆ, ಆದರೆ ಕಣ್ಣು ಲ್ಯಾಪ್‌ಟಾಪ್ ಮೇಲಿತ್ತು. "ರೀ, ಸೂಜಿ ಹೋಯ್ತು ನೋಡಿ," ಎಂದಳು. ವರ್ಷಗಟ್ಟಲೆ ಟೈಲರಿಂಗ್ ಮಾಡಿದವಳು. ಸದ್ದಿನಲ್ಲೇ ಗೊತ್ತಾಗುತ್ತದೆ.

ಕಾರಣ: ಹೂಪ್ ಸೈಜ್ ತಪ್ಪಾಗಿ ಆರಿಸಿದ್ದೆ. ಬಟ್ಟೆಯನ್ನು ಬಿಗಿಯಾಗಿ ಹಿಡಿಯುವ ಆ ಚೌಕಟ್ಟಿಗೇ ಸೂಜಿ ಹೋಗಿ ಬಡಿಯಿತು.

ಕಸೂತಿ ಮೆಷಿನ್ ಬಂದು ಒಂದು ವಾರ. ಒಪ್ಪಂದ ಸರಳ. ಬಟ್ಟೆ ಅವಳದು, ಕಂಪ್ಯೂಟರ್ ನನ್ನದು. ಪತ್ರಿಕೆಯ ಈ ಊರಿನ ಆವೃತ್ತಿ ನಿಂತ ಮೇಲೆ ನಾನು ಮನೆಯಲ್ಲೇ. ಸುದ್ದಿ ಡೆಸ್ಕಿನಲ್ಲಿ ಬೇರೆಯವರ ವರದಿ ತಿದ್ದಿ ಬದುಕಿದವನು. ಈಗ ಅಂಗಡಿ ಬೋರ್ಡು, ಔಷಧಿ ಚೀಟಿ, ಅವಳ ಫೋನಿನ ಮೆಸೇಜು ಯಾವುದನ್ನೂ ಬಿಡುವುದಿಲ್ಲವೆಂದು ಅವಳ ದೂರು.

ಈವರೆಗೆ ಕಲಿತದ್ದು: ಚಿತ್ರ ಕೊಟ್ಟರೆ ಸಾಲದು. ಮೆಷಿನ್‌ಗೆ ಚಿತ್ರ ಕಾಣುವುದಿಲ್ಲ. ಸೂಜಿ ಎಲ್ಲಿ ಇಳಿಯಬೇಕು, ಯಾವ ಕಡೆಗೆ ಹೋಗಬೇಕು, ದಾರ ಎಲ್ಲಿ ಕತ್ತರಿಸಬೇಕು — ಒಂದೊಂದನ್ನೂ ಹೇಳಿಕೊಡಬೇಕು. ಅದಕ್ಕೇ ಡಿಜಿಟೈಸಿಂಗ್ ಅನ್ನುವುದು. ಸಾಫ್ಟ್‌ವೇರ್‌ನಲ್ಲಿ ಎಲ್ಲವನ್ನೂ ತಾನೇ ಮಾಡುವ ‘ಆಟೋ’ ಬಟನ್ ಕೂಡ ಇದೆ. ಅದನ್ನು ಮುಟ್ಟುವುದಿಲ್ಲ ಎಂದು ಹೆಂಡತಿಗೆ ಹೇಳಿದ್ದೇನೆ. ಸ್ವಂತ ಡಿಸೈನ್ ಅಂದರೆ ಸ್ವಂತ ಡಿಸೈನ್.

ಮಾರ್ಚ್ 5, ಬುಧವಾರ

ಮೊದಲ ಅಕ್ಷರ ಹೊಲಿದಾಯಿತು. ತೆಳು ಬಟ್ಟೆ. ಕೆಳಗೆ ಇಡಬೇಕಾದ ಬ್ಯಾಕಿಂಗ್ ಪೇಪರ್ ಇಟ್ಟಿರಲಿಲ್ಲ. ಹೊಲಿಗೆಯೂ ತೀರಾ ಒತ್ತು. ಅಕ್ಷರದ ಸುತ್ತ ಬಟ್ಟೆ ಅಜ್ಜಿಯ ಮುಖದಂತೆ ಸುಕ್ಕಾಯಿತು. ತಿರುಗಿಸಿ ನೋಡಿದರೆ ಅಡಿಯಲ್ಲಿ ದಾರದ ಮುದ್ದೆ.

ಹೆಂಡತಿ ಬೆಳಕಿಗೆ ಹಿಡಿದು ನೋಡಿದಳು. "ಅಕ್ಷರ ಚೆನ್ನಾಗಿದೆ. ಬಟ್ಟೆಗೇ ಹುಷಾರಿಲ್ಲ."

ಅಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಹೆಂಡತಿಯ ಅಕ್ಕ. ನಮ್ಮ ಮದುವೆ ಮಾಡಿಸಿದವರು, ನನ್ನನ್ನು ಅಂದಿನಿಂದಲೂ ಏಕವಚನದಲ್ಲೇ ಕರೆಯುವವರು. ನವೆಂಬರಿನಲ್ಲಿ ಸ್ಟ್ರೋಕ್ ಆಗಿ ಬಲಗೈಯೂ ಮಾತೂ ಒಟ್ಟಿಗೇ ಹೋದವು. ಆಗಿನಿಂದ ನಮ್ಮ ಹಿಂದಿನ ಕೋಣೆಯಲ್ಲಿದ್ದಾರೆ. ಮಾತು ಒಂದೊಂದೇ ಪದವಾಗಿ ಮರಳುತ್ತಿದೆ. ಮೊದಲು ಬಂದ ಪದ ‘ಕತ್ತೆ’. ಡಾಕ್ಟರಿಗೆ, ನರ್ಸಿಗೆ, ನನಗೆ, ಎಲ್ಲರಿಗೂ ಭೇದವಿಲ್ಲದೆ ಹಂಚಿದರು. ಎರಡನೆಯದು ‘ಮನೆ’. ಅಂದರೆ ನಮ್ಮ ಮನೆಯಲ್ಲ. ಎರಡು ಬೀದಿ ಆಚೆ ಅವರ ಬಾಡಿಗೆಯ ಮಹಡಿ ಮನೆ. ಈಗ ಬೀಗ ಹಾಕಿದೆ.

ಸುಕ್ಕಾದ ಬಟ್ಟೆ ನೋಡಿ ಇವತ್ತೂ ಅಂದರು, ಕತ್ತೆ. ಮೆಷಿನ್‌ಗೋ ನನಗೋ ತಿಳಿಯಲಿಲ್ಲ.

ಮಾರ್ಚ್ 8, ಶನಿವಾರ

ಮೊದಲ ಆರ್ಡರ್ ಬಂತು. ಸುದ್ದಿ ತಂದವಳು ಹೆಂಡತಿ, ಅಕ್ಕನನ್ನು ಆಸ್ಪತ್ರೆಯಿಂದ ಕರೆತಂದ ಕೂಡಲೇ. ಫಿಸಿಯೋ ವಾರ್ಡಿಗೆ ಬಟ್ಟೆ ಚೀಲಗಳು ಬೇಕು. ಪ್ರತಿ ರೋಗಿಗೂ ಒಂದು, ವ್ಯಾಯಾಮದ ಚೆಂಡು, ರಬ್ಬರ್ ಪಟ್ಟಿ ಇಟ್ಟುಕೊಳ್ಳಲು. ಮೇಲೆ ಕಸೂತಿಯಲ್ಲಿ ಅಕ್ಕ ಬಿಡಿಸಿದ ಚಿತ್ರ. ಫಿಸಿಯೋ ಮೇಡಂ ತಾವಾಗಿಯೇ ಕೇಳಿದ್ದಂತೆ. ಎಡಗೈಯಲ್ಲಿ ಗೆರೆ ಎಳೆಯುವ ಅಭ್ಯಾಸದಲ್ಲಿ ಅಕ್ಕ ಬಿಡಿಸಿದ ಕಾಗೆ ಅವರಿಗೆ ಹಿಡಿಸಿತಂತೆ.

ಚಿತ್ರ ನನ್ನ ಮುಂದಿದೆ. ತಂತಿಯ ಮೇಲೆ ಕೂತ ಕಾಗೆ. ಪೆನ್ ಎತ್ತದೆ ಎಳೆದ ಒಂದೇ ಗೆರೆ, ಉದ್ದಕ್ಕೂ ನಡುಕ. ಕೊಕ್ಕು ತೆರೆದಿದೆ. ಒಂದು ಕಾಲು ತಂತಿಯನ್ನು ಹಿಡಿದಿದೆ. ಇನ್ನೊಂದು ಮೊಟಕು, ಮಡಚಿಕೊಂಡಂತಿದೆ, ತಂತಿಯನ್ನು ಮುಟ್ಟುವುದೇ ಇಲ್ಲ.

ಇನ್ನೊಂದು ಸುದ್ದಿ: ಈ ತಿಂಗಳ ಕೊನೆಗೆ ಅಕ್ಕ ತಮ್ಮ ಮನೆಗೆ ಹೋಗಬಹುದು, ಒಬ್ಬರೇ ಇರಬಹುದು. ಫಿಸಿಯೋ ಮೇಡಂ ಡಾಕ್ಟರಿಗೆ ಹಾಗೆ ಬರೆಯುತ್ತಾರಂತೆ. ಕೇಳಿದ್ದೇ ಅಕ್ಕ ಬ್ಯಾಗಿಗೆ ಬಟ್ಟೆ ತುಂಬಲು ಶುರುಮಾಡಿದರು. ಹೆಂಡತಿ ತೆಗೆದಿಟ್ಟಳು. ಅವರು ಮತ್ತೆ ತುಂಬಿದರು.

ಮಾರ್ಚ್ 10, ಸೋಮವಾರ

ಕಾಗೆ ಮುಗಿಯಿತು.

ಆಟೋ ಬಟನ್ ಒತ್ತಿದೆ. ಬರೆದಿಡುತ್ತೇನೆ, ಇಲ್ಲಿ ಯಾರೂ ಓದುವುದಿಲ್ಲ. ಮೊದಲು ಕೈಯಿಂದಲೇ ಪ್ರಯತ್ನಿಸಿದೆ. ಗೆರೆಯ ನಡುಕ ಇದ್ದ ಕಡೆ ಹೊಲಿಗೆ ತೀರಾ ಚಿಕ್ಕದಾಗಿ ದಾರ ತುಂಡಾಗುತ್ತಿತ್ತು. ಬೇಸರವಾಗಿ ಆಟೋಗೆ ಬಿಟ್ಟೆ. ‘ನಯಗೊಳಿಸು’ ಎಂಬ ಗುಂಡಿಯನ್ನು ಪೂರ್ತಿ ಬಲಕ್ಕೆ ಎಳೆದೆ. ನಡುಕ ಹೋಯಿತು. ಗೆರೆ ಚೆಂದವಾಯಿತು. ಆಮೇಲೆ ಕೈ ಸುಮ್ಮನಿರಲಿಲ್ಲ. ತೆರೆದ ಕೊಕ್ಕು ಮುಚ್ಚಿದೆ. ತಂತಿ ನೆಟ್ಟಗೆ ಮಾಡಿದೆ. ಮೊಟಕು ಕಾಲನ್ನು ಉದ್ದ ಮಾಡಿ ತಂತಿಗೆ ಮುಟ್ಟಿಸಿದೆ. ಎರಡು ಕಾಲೂ ಸಮ.

ಹೊಲಿದು ಬಂದದ್ದು ಬ್ಯಾಂಕಿನ ಗುರುತಿನ ಹಾಗಿದೆ. ಒಂದು ಸುಕ್ಕಿಲ್ಲ. ಹೆಂಡತಿ ಬೆರಳಿನಿಂದ ಸವರಿ, ಚಿತ್ರಕ್ಕಿಂತ ಸ್ವಲ್ಪ ಬೇರೆ ಕಾಣುತ್ತಲ್ಲ ಎಂದು ಕೇಳಿದಳು. ಮೆಷಿನ್‌ನಲ್ಲಿ ಹಾಗೇ ಬರುವುದು ಎಂದೆ. ನಂಬಿದಳು. ಕಂಪ್ಯೂಟರ್ ನನ್ನದಲ್ಲವೇ.

ಮಾರ್ಚ್ 13, ಗುರುವಾರ. ಸಂಜೆ

ಚೀಲ ತಲುಪಿಸಿದೆವು. ಅಕ್ಕ ತಮ್ಮ ಚಿತ್ರವನ್ನು ಗುರುತಿಸಲಿಲ್ಲ. ಇದು ಫಿಸಿಯೋ ಮೇಡಂ ಅವರ ಮಾತು, ನನ್ನದಲ್ಲ.

ನಡೆದದ್ದು: ವಾರ್ಡಿನಲ್ಲಿ ಎಲ್ಲರನ್ನೂ ಅರ್ಧ ವೃತ್ತದಲ್ಲಿ ಕೂರಿಸಿದ್ದರು. ಮೇಡಂ ಒಂದು ಚೀಲ ಎತ್ತಿ ತೋರಿಸಿದರು. ಗೆರೆ ಎಷ್ಟು ಸ್ಥಿರವಾಗಿದೆ ನೋಡಿ, ಇದು ಎಡಗೈಯ ಕೆಲಸ, ನಿಮಗೂ ಸಾಧ್ಯ ಎಂದರು. ಚಪ್ಪಾಳೆ ಬಿತ್ತು. ಬಲಗೈ ಮಡಿಲಲ್ಲಿಟ್ಟು ಕೂತಿದ್ದ ಮುದುಕರೊಬ್ಬರು ತಮ್ಮ ಹಾಳೆಯ ಗೆರೆ ನೋಡಿಕೊಂಡು ಹಾಳೆ ಮಗುಚಿಟ್ಟರು. ಅದು ನನಗೆ ಕಂಡಿತು.

ಮೇಡಂ ಚೀಲವನ್ನು ಅಕ್ಕನ ಮಡಿಲಲ್ಲಿಟ್ಟು, ಇದು ಯಾರ ಚಿತ್ರ ಎಂದು ಕೇಳಿದರು.

ಅಕ್ಕ ನೋಡಿದರು. ಹತ್ತಿರ ಹಿಡಿದರು, ದೂರ ಹಿಡಿದರು.

"ನಂದಲ್ಲ."

"ನಿಂದೇ ಅಕ್ಕ," ಎಂದಳು ಹೆಂಡತಿ ನಗುತ್ತಾ. "ನೀನು ಬಿಡಿಸಿದ ಕಾಗೆ."

"ನಂದಲ್ಲ. ನಂದಲ್ಲ." ಚೀಲವನ್ನು ಕೆಳಗೆ ಹಾಕಿದರು.

ಮೇಡಂ ಮುಖದ ನಗು ಸ್ವಲ್ಪ ಹೊತ್ತು ಹಾಗೇ ಇತ್ತು, ಆಮೇಲೆ ಇರಲಿಲ್ಲ. ಏನೋ ಬರೆದುಕೊಂಡರು. ನಾನು ಉಳಿದ ಚೀಲಗಳನ್ನು ಎದೆಗೆ ಒತ್ತಿಕೊಂಡು ನಿಂತಿದ್ದೆ. ಅಕ್ಕ ಹೇಳುತ್ತಿರುವುದು ನಿಜ ಎಂದು ಆ ಕೋಣೆಯಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಬ್ಬರಿಗೆ ಮಾತು ಬರುವುದಿಲ್ಲ.

ಇನ್ನೊಬ್ಬ ಬಾಯಿ ತೆರೆಯಲಿಲ್ಲ.

ಮಾರ್ಚ್ 14, ಶುಕ್ರವಾರ

ಮನೆಗೆ ಕಳಿಸುವ ವಿಷಯ ಮುಂದಕ್ಕೆ ಹೋಗಿದೆ. ಫಿಸಿಯೋ ಮೇಡಂ ಬೆಳಿಗ್ಗೆ ಹೆಂಡತಿಗೆ ಫೋನ್ ಮಾಡಿದರು. ಸ್ವಂತ ಕೈಯ ಚಿತ್ರವನ್ನೇ ಗುರುತಿಸದಿದ್ದರೆ, ಸ್ಟೌ ಆರಿಸಿದೆನೋ ಇಲ್ಲವೋ ಎಂಬುದು ನೆನಪಿರುತ್ತದೆ ಎಂದು ಹೇಗೆ ನಂಬುವುದು, ಎಂದರಂತೆ. ಡಾಕ್ಟರಿಗೆ ಬರೆದಿದ್ದಾರೆ. 21ಕ್ಕೆ ನೆನಪಿನ ಪರೀಕ್ಷೆ. ಅದರಲ್ಲಿ ಆಗದಿದ್ದರೆ ಒಬ್ಬರೇ ಇರುವ ಮಾತು ಬಿಡಬೇಕು.

ಮಧ್ಯಾಹ್ನ ಹೆಂಡತಿ ಅಕ್ಕನ ಮನೆಯ ಓನರ್‌ಗೆ ಫೋನ್ ಮಾಡಿದಳು. ಬೇರೆ ಬಾಡಿಗೆದಾರರನ್ನು ನೋಡಿಕೊಳ್ಳಬೇಕಾಗಬಹುದು ಎಂದು ಮೊದಲೇ ತಿಳಿಸಿದಳು. ಫೋನ್ ಇಟ್ಟು ಕತ್ತರಿಸುತ್ತಿದ್ದ ಬಟ್ಟೆಯ ಮೇಲೆ ಎರಡೂ ಕೈಯಿಟ್ಟಳು. "ಮರೆವು ಶುರುವಾಯ್ತಲ್ಲ ರೀ," ಎಂದಳು.

ಹೇಳುವುದಿದ್ದರೆ ಅದೇ ಸಮಯ. ಡೈರಿಯಲ್ಲಿ ಬರೆಯುವಷ್ಟು ಸುಲಭವಾಗಿ ಮೂರು ಪದ: ತಪ್ಪು ನನ್ನದು, ಅವರದಲ್ಲ. ಟೀ ಮಾಡ್ಲಾ ಎಂದು ಕೇಳಿದೆ.

ಯಾಕೆ ಹೇಳಲಿಲ್ಲ? ಅವಳು ಬೀದಿಗೆಲ್ಲ ಹೇಳಿದ್ದಾಳೆ. ನಮ್ಮ ಯಜಮಾನರು ಸ್ವಂತ ಡಿಸೈನ್ ಮಾಡ್ತಾರೆ, ಆಸ್ಪತ್ರೆಯಿಂದ ಆರ್ಡರ್ ಬಂದಿದೆ ಅಂತ. ಪತ್ರಿಕೆ ನಿಂತ ಮೇಲೆ ಅವಳು ನನ್ನ ಬಗ್ಗೆ ಯಾರಿಗೂ ಏನೂ ಹೇಳಿರಲಿಲ್ಲ. ಕಾರಣ ಇಷ್ಟೇ. ಬರೆದ ಮೇಲೆ ಇನ್ನೂ ಚಿಕ್ಕದಾಗಿ ಕಾಣುತ್ತಿದೆ.

ಮಾರ್ಚ್ 17, ಸೋಮವಾರ

ಅಕ್ಕ ಒಪ್ಪಿಕೊಂಡರು.

ಮೂರು ದಿನದಿಂದ ಹೆಂಡತಿ ಪಾಠ ಮಾಡುತ್ತಿದ್ದಳು. ಪರೀಕ್ಷೆಗೆ ಮೊದಲು ನೆನಪು ಕೂಡಿಸಬೇಕೆಂದು ಅವಳ ಹಟ. ಒಂದು ಚೀಲ ಮನೆಯಲ್ಲೇ ಉಳಿಸಿಕೊಂಡಿದ್ದಾಳೆ. ತಿಂಡಿಗೆ ಮೊದಲು, ಮಾತ್ರೆ ಕೊಡುವಾಗ, ತಲೆ ಬಾಚುವಾಗ ಅದನ್ನೇ ಹಿಡಿಯುತ್ತಾಳೆ. ಇದು ಯಾರದು ಅಕ್ಕ? ನೆನಪು ಮಾಡ್ಕೋ. ಮಗುವಿಗೆ ಹೇಳುವ ಧ್ವನಿ. ಅಕ್ಕ ತಲೆ ಅಲ್ಲಾಡಿಸುತ್ತಾರೆ. ಶನಿವಾರ ಬಾಚಣಿಗೆ ಎಸೆದರು. ನಿನ್ನೆ ಮೂಲ ಚಿತ್ರಕ್ಕಾಗಿ ಕೋಣೆಯೆಲ್ಲ ಹುಡುಕಿದರು. ಅದು ನನ್ನ ಲ್ಯಾಪ್‌ಟಾಪ್ ಬ್ಯಾಗಿನಲ್ಲಿತ್ತು. ಕೊಡಲಿಲ್ಲ.

ಇವತ್ತು ಬೆಳಿಗ್ಗೆ ಹೆಂಡತಿ ಮತ್ತೆ ಕೇಳಿದಳು. ಅಕ್ಕ ಚೀಲ ನೋಡಲಿಲ್ಲ. ತಟ್ಟೆ ನೋಡುತ್ತಾ ಹೇಳಿದರು.

"ನಂದು."

ಹೆಂಡತಿ ಅವರನ್ನು ತಬ್ಬಿಕೊಂಡಳು. ಅಕ್ಕನ ಕಣ್ಣು ಅವಳ ಭುಜದ ಮೇಲಿಂದ ನನ್ನ ಕಡೆ ಬಂತು. ಬೈಗುಳವಿಲ್ಲ. ಕತ್ತೆ ಎನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ನಾನು ತಿಂಡಿ ತಿಂದೆ. ಪೂರ್ತಿ.

ಮಾರ್ಚ್ 18, ಮಂಗಳವಾರ

ಕಾಗೆಗೆ ಒಂದು ಕಾಲು ಊನ. ಕಣ್ಣಾರೆ ಕಂಡದ್ದು, ವಾರ್ಡಿನ ಕಿಟಕಿಯಲ್ಲಿ.

ಹೆಂಡತಿಗೆ ಟ್ರಯಲ್ ಕೊಡುವ ಗಿರಾಕಿ ಬರುವವರಿದ್ದರು, ಹಾಗಾಗಿ ಅಕ್ಕನನ್ನು ನಾನು ಕರೆದುಕೊಂಡು ಹೋದೆ. ಅವರು ಮೇಜಿನ ಎದುರು ಕೂತು ಎಡಗೈಯಲ್ಲಿ ಕಡ್ಡಿಗಳನ್ನು ತೂತಿಗೆ ಇಳಿಸುತ್ತಿದ್ದರು. ಹೊರಗೆ ತಂತಿಯ ಮೇಲೆ ಕಾಗೆ ಬಂದು ಕೂತಿತು. ಒಂದು ಕಾಲು ತಂತಿಯ ಮೇಲೆ. ಇನ್ನೊಂದು ಮೊಟಕು, ಬೆರಳು ಮಡಚಿ ಹೊಟ್ಟೆಗೆ ಅಂಟಿಕೊಂಡಿತ್ತು. ಬಾಯಿ ತೆರೆದೇ ಇತ್ತು, ಬಿಸಿಲಿಗೆ. ತಂತಿಯೂ ನಡುವೆ ಜೋತಿತ್ತು. ನರ್ಸ್ ಹೇಳಿದರು, ದಿನಾ ಇದೇ ಹೊತ್ತಿಗೆ ಬರುವ ಕುಂಟ ಕಾಗೆ ಅದು, ನಿಮ್ಮ ಅಕ್ಕ ಅದಕ್ಕಾಗಿ ಬಿಸ್ಕತ್ತು ಉಳಿಸಿ ಇಡ್ತಾರೆ ಎಂದು.

ನಾನು ತಿದ್ದಿದ್ದು ಕೈ ನಡುಕ ಎಂದುಕೊಂಡಿದ್ದೆ. ಕಾಲು ನಡುಕವಲ್ಲ. ಕೊಕ್ಕು ನಡುಕವಲ್ಲ. ಅವರು ಕಂಡದ್ದನ್ನು ಕಂಡ ಹಾಗೆ ಬಿಡಿಸಿದ್ದರು. ವರದಿಗಾರನನ್ನು ಕೇಳದೆ ವರದಿಯ ಸಂಗತಿ ಮುಟ್ಟಬಾರದು. ಡೆಸ್ಕಿಗೆ ಹೊಸದಾಗಿ ಬಂದವರಿಗೆ ಮೊದಲ ದಿನ ನಾನೇ ಹೇಳಿಕೊಡುತ್ತಿದ್ದದ್ದು. ಅಕ್ಕ ಇದ್ದದ್ದು ಪಕ್ಕದ ಕೋಣೆಯಲ್ಲಿ. ಕೇಳಲಿಲ್ಲ. ಅವರಿಗೆ ಹೇಗೂ ಹೇಳಲು ಬರುವುದಿಲ್ಲ ಎಂದುಕೊಂಡೆನೋ... ಹೌದು. ಹಾಗೇ ಅಂದುಕೊಂಡೆ.

ಆಚೆ ಗೋಡೆಯ ಮೊಳೆಗೆ ನನ್ನ ಕಾಗೆಯ ಚೀಲ ತೂಗುಹಾಕಿದ್ದರು. ಮಾದರಿಯಂತೆ. ಎರಡು ಕಾಲೂ ಸಮ.

ಮಾರ್ಚ್ 19, ಬುಧವಾರ

ಒಂದು ಚೀಲಕ್ಕೆ ಬಾಯಿ ಇಲ್ಲದಂತಾಯಿತು. ಪತ್ತೆ ಮಾಡಿದವಳು ಹೆಂಡತಿ.

ಯೋಚನೆ ಹೀಗಿತ್ತು: ಅಕ್ಕನ ಗೆರೆಯನ್ನೇ ಸರಿಯಾಗಿ ಹೊಲಿದು, ಮನೆಯ ಚೀಲವನ್ನು ಯಾರಿಗೂ ತಿಳಿಯದ ಹಾಗೆ ಬದಲಿಸುವುದು. ಅಕ್ಕ ‘ನಂದು’ ಅಂದರೆ ಅದು ನಿಜವಾಗುತ್ತದೆ. ಡಾಕ್ಟರೂ ಒಪ್ಪುತ್ತಾರೆ. ನಾನು ಯಾರಿಗೂ ಏನೂ ಹೇಳಬೇಕಾಗಿಲ್ಲ.

ಮಧ್ಯಾಹ್ನ ಅವಳು ದಾರ ತರಲು ಪೇಟೆಗೆ ಹೋದಾಗ ಕೂತೆ. ಹಳೇ ಫೈಲ್ ಅಳಿಸಿದೆ. ಮೂಲ ಚಿತ್ರವನ್ನು ಸ್ಕ್ರೀನಿನಲ್ಲಿ ದೊಡ್ಡದು ಮಾಡಿ ಅದರ ಮೇಲೆ ಒಂದೊಂದೇ ಚುಕ್ಕೆ ಇಟ್ಟೆ. ಗೆರೆ ಎಲ್ಲಿ ನಿಂತಿತೋ ಅಲ್ಲಿ ನಿಂತೆ. ಎಲ್ಲಿ ಜಾರಿತೋ ಅಲ್ಲಿ ಜಾರಿದೆ. ಕಾಲಿನ ಹತ್ತಿರ ಗೆರೆ ನಿಧಾನವಾಗಿದೆ, ಅಲ್ಲಿ ಮಾತ್ರ ನಡುಕ ಕಡಿಮೆ. ಉಸಿರು ಬಿಗಿಹಿಡಿದು ಎಳೆದಿದ್ದಾರೆ. ಮೊದಲ ಸಲ ಇದು ಕಂಡೇ ಇರಲಿಲ್ಲ. ಮೆಷಿನ್ ವೇಗ ಕಡಿಮೆ ಮಾಡಿದೆ. ದಾರ ತುಂಡಾಗಲಿಲ್ಲ.

ಆದರೆ ಹೊಲಿದ ಚೀಲವನ್ನು ಹೂಪ್‌ಗೆ ಹಾಕುವಾಗ ಹಿಂದಿನ ಪದರ ಸರಿಸಿಡುವುದು ಮರೆತೆ. ಎರಡೂ ಪದರ ಸೇರಿಸಿ ಮೆಷಿನ್ ಕಾಗೆಯನ್ನು ಹೊಲಿದುಬಿಟ್ಟಿತು. ಬಿಚ್ಚುತ್ತಿರುವಾಗಲೇ ಹೆಂಡತಿ ಬಂದಳು. ಚೀಲದೊಳಗೆ ಕೈ ಹಾಕಲು ನೋಡಿದಳು, ಹೋಗಲಿಲ್ಲ.

"ಇದರಲ್ಲಿ ಏನಿಡೋದು ರೀ, ಗಾಳಿನಾ?"

ಈ ತಪ್ಪು ಎಲ್ಲರೂ ಒಮ್ಮೆ ಮಾಡುತ್ತಾರೆ, ತಾನೂ ಒಮ್ಮೆ ಪ್ಯಾಂಟಿನ ಜೇಬನ್ನು ಕಾಲಿಗೇ ಹೊಲಿದಿದ್ದೆ ಎಂದು ನಕ್ಕಳು. ವಾರದಲ್ಲಿ ಮೊದಲ ಸಲ ನಕ್ಕದ್ದು. ಅಕ್ಕನಿಗೂ ತೋರಿಸಲು ಒಯ್ದಳು. ನಾನು ಹಿಂದೆಯೇ ಹೋದೆ, ತಡೆಯಲು ಕಾರಣ ಸಿಗಲಿಲ್ಲ.

ಅಕ್ಕ ನೋಡಿದರು. ಎಡಗೈ ತೋರುಬೆರಳು ಕಾಗೆಯ ಬೆನ್ನಿನ ಮೇಲೆ ಹೋಯಿತು, ಮೊಟಕು ಕಾಲಿನ ಮೇಲೆ ನಿಂತಿತು. ಚೀಲವನ್ನು ಎದೆಗೆ ಎಳೆದುಕೊಂಡರು.

"ನಂದು. ನಂದು. ಇದು... ನಂದು."

ಹೆಂಡತಿಯ ನಗು ಹೋಯಿತು. ಹೊರಗೆ ಬಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಈಗ ಯಾವುದು ತೋರಿಸಿದರೂ ನಂದು ಅಂತಾಳೆ, ಶುಕ್ರವಾರ ಡಾಕ್ಟರ್ ಮುಂದೆಯೂ ಹೀಗೇ ಮಾಡಿದರೆ ಏನು ಗತಿ ಎಂದಳು. ಆಮೇಲೆ ಸುಮ್ಮನೆ ಕೇಳಿದಳು, ಮತ್ತೆ ಕಾಗೆ ಯಾಕೆ ಹೊಲಿದಿರಿ ಎಂದು.

"ಟ್ರಯಲ್," ಎಂದೆ.

ಅಕ್ಕನ ಕೋಣೆಯ ಬಾಗಿಲು ತೆರೆದೇ ಇತ್ತು.

ಮಾರ್ಚ್ 20, ಗುರುವಾರ. ಮಧ್ಯಾಹ್ನ

ಹೆಂಡತಿಗೆ ಹೇಳಿದೆ.

ಬೆಳಿಗ್ಗೆ ಓನರ್ ಫೋನ್ ಮಾಡಿದ್ದರು, ಶನಿವಾರ ಮನೆ ನೋಡಲು ಒಂದು ಕುಟುಂಬ ಬರುತ್ತದೆ, ಬೀಗದ ಕೈ ಕೊಡಿ ಎಂದು. ಹೆಂಡತಿ ಆಗಲಿ ಅಂದಳು. ಅಕ್ಕನಿಗೆ ಕೇಳಿಸಿತು. ಎದ್ದು, ಗೋಡೆ ಹಿಡಿದುಕೊಂಡು, ನನ್ನ ಮೇಜಿನವರೆಗೆ ಬಂದರು. ಬಾಯಿ ಹೊಲಿದ ಚೀಲವನ್ನು ಲ್ಯಾಪ್‌ಟಾಪ್ ಮೇಲಿಟ್ಟರು. ಮುಂದಿನ ಕೋಣೆಯ ಕಡೆ ಕೈ ತೋರಿಸಿದರು. ಪದ ಹುಡುಕುವಾಗ ಅವರ ಗಂಟಲು ಮೇಲೆ ಕೆಳಗೆ ಆಗುತ್ತದೆ. ಕಾದೆ.

"ಹೇಳು."

"ಅಕ್ಕ, ನಿಮಗೆ ಮೊದಲ ದಿನವೇ ಗೊತ್ತಿತ್ತಾ? ನಾನೇ ತಿದ್ದಿದ್ದು ಅಂತ?"

"ಹೂಂ." ಮತ್ತೆ ಗಂಟಲು. "ಹೇಳು... ಅವಳಿಗೆ."

ಹೋದೆ. ಅವಳು ಕತ್ತರಿಸುವ ಮೇಜಿನ ಬಳಿ ಇದ್ದಳು. ಮೂಲ ಚಿತ್ರ, ಮೊದಲ ಚೀಲ, ಎರಡನೇ ಚೀಲ ಮೂರನ್ನೂ ಸಾಲಾಗಿ ಇಟ್ಟೆ. ಆಟೋ ಬಟನ್, ನಯ ಮಾಡಿದ್ದು, ಕಾಲು ಉದ್ದ ಮಾಡಿದ್ದು, ವಾರ್ಡಿನ ಕಿಟಕಿಯ ಕಾಗೆ, ಟ್ರಯಲ್ ಎಂದ ಸುಳ್ಳು. ಅನುಕ್ರಮವಾಗಿ ಹೇಳಿದೆ, ಏನೂ ಬಿಡಲಿಲ್ಲ. ಅವಳು ಮೂರನ್ನೂ ಬಹಳ ಹೊತ್ತು ನೋಡಿದಳು. ಕತ್ತರಿ ಕೆಳಗಿಟ್ಟಳು.

"ಆಟೋ ಬಟನ್ ಒತ್ತಿದ್ದಕ್ಕೆ ನಂಗೇನೂ ಇಲ್ಲ," ಎಂದಳು. "ಕೆಡ್ತು, ಬಿಚ್ಚಿ ಹೊಲಿಯೋಣ. ಆದ್ರೆ ನಾನು ಅಕ್ಕನ ತಲೆ ಬಾಚ್ತಾ, ಮಾತ್ರೆ ನುಂಗಿಸ್ತಾ, ‘ನಿಂದೇ, ನೆನಪು ಮಾಡ್ಕೋ, ನೆನಪು ಮಾಡ್ಕೋ’ ಅಂತಿದ್ದೆ. ನನ್ನನ್ನ ಸಾಕಿದವಳು ಅವಳು. ನೀವು ಅಲ್ಲೇ ಕೂತು ಕೇಳ್ತಿದ್ರಿ."

ಮೊದಲ ಚೀಲವನ್ನು ನನ್ನ ಕಡೆ ತಳ್ಳಿದಳು.

"ಅವಳು ನಂದು ಅಂದಿದ್ದು ನನ್ನ ಸಮಾಧಾನಕ್ಕೆ. ಗೊತ್ತಾಯ್ತಾ ನಿಮಗೆ? ಸುಳ್ಳು ಹೇಳೋದನ್ನ ನಾನೇ ಕಲಿಸ್ದೆ."

ಅಕ್ಕನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಳಗಿಂದ ಅವಳ ಧ್ವನಿ ಸ್ವಲ್ಪ ಹೊತ್ತು ಕೇಳಿತು. ಆಮೇಲೆ ಅಕ್ಕನದು, ಒಂದೇ ಪದ, ಯಾವುದೆಂದು ತಿಳಿಯಲಿಲ್ಲ.

ಅದೇ ದಿನ. ಸಂಜೆ

ಫಿಸಿಯೋ ಮೇಡಂಗೆ ಫೋನ್ ಮಾಡಿದೆ. ಕೇಳಿಸಿಕೊಂಡರು. ಡಾಕ್ಟರಿಗೆ ವರದಿ ಹೋಗಿ ಆಗಿದೆ, ಫೋನಿನಲ್ಲಿ ಬದಲಿಸಲು ಬರುವುದಿಲ್ಲ, ನೀವೇ ಬಂದು ಡಾಕ್ಟರ್ ಮುಂದೆ ಹೇಳಬೇಕು ಎಂದರು. ಹೇಳಿದರೂ ಪರೀಕ್ಷೆ ನಡೆಯುತ್ತದೆ. ಫಲಿತಾಂಶ ಏನಾಗುತ್ತದೋ ಅವರೂ ಹೇಳಲಾರರು. ಒಂದು ವಾರದಿಂದ ಅಕ್ಕ ವಾರ್ಡಿನಲ್ಲಿ ಪೆನ್ ಹಿಡಿದಿಲ್ಲವಂತೆ. ಇದು ನನಗೆ ಗೊತ್ತಿರಲಿಲ್ಲ.

ಕೊನೆಗೆ ಕೇಳಿದರು, ಅವತ್ತು ಅಲ್ಲೇ ಯಾಕೆ ಹೇಳಲಿಲ್ಲ ಎಂದು. ಮರ್ಯಾದೆ ಹೋಗುತ್ತದೆ ಅಂತ, ಎಂದೆ. ಗೋಡೆಗೆ ಹಾಕಿದ ಚೀಲ ಇಳಿಸಿ ಎಂದೂ ಕೇಳಿಕೊಂಡೆ. ಆ ಮುದುಕರ ವಿಷಯವನ್ನೂ ಹೇಳಿದೆ, ಹಾಳೆ ಮಗುಚಿಟ್ಟವರು. ಆಗಲಿ ಎಂದರು.

ಓನರ್‌ಗೆ ಹೆಂಡತಿಯೇ ಫೋನ್ ಮಾಡಿದಳು, ಶನಿವಾರ ಬೇಡ ಎಂದು. ಸೋಮವಾರದವರೆಗೆ ಕಾಯುತ್ತಾರೆ, ಅದಕ್ಕಿಂತ ಆಚೆ ಆಗುವುದಿಲ್ಲವಂತೆ.

ಮಾರ್ಚ್ 21, ಶುಕ್ರವಾರ. ಬೆಳಿಗ್ಗೆ

ಬಾಯಿ ಹೊಲಿದ ಚೀಲವನ್ನು ಹೆಂಡತಿ ಬಿಚ್ಚಿದ್ದಾಳೆ. ಎದ್ದು ಬಂದಾಗ ಮೇಜಿನ ಮೇಲಿತ್ತು. ಹಿಂದಿನ ಪದರದಿಂದ ಒಂದೊಂದೇ ಹೊಲಿಗೆ ತೆಗೆದು, ಮುಂದಿನ ಕಾಗೆಗೆ ಅಡಿಯಿಂದ ಕೈಯಲ್ಲಿ ಗಂಟು ಹಾಕಿದ್ದಾಳೆ. ಒಂದೆಳೆ ಕೆಟ್ಟಿಲ್ಲ. ನನ್ನೊಡನೆ ಆಡಿದ ಮಾತು ಎರಡು: ನೀರು ಕಾದಿದೆ. ಇಸ್ತ್ರಿ ಮಾಡಿದ ಶರ್ಟ್ ಹಾಕ್ಕೊಳ್ಳಿ.

ಅಕ್ಕ ತಯಾರಾಗಿ ಕೂತಿದ್ದಾರೆ. ಚಪ್ಪಲಿ ಎಡಗೈಯಿಂದ ತಾವೇ ಹಾಕಿಕೊಂಡರು. ನಾನು ಬಗ್ಗಿದೆ, ಬೇಡ ಎಂದರು. ಒಂದು ಹಾಳೆ, ಪೆನ್ ಅವರ ಎದುರಿಟ್ಟೆ. ಮುಟ್ಟಲಿಲ್ಲ.

ಮೂಲ ಚಿತ್ರ, ಎರಡೂ ಚೀಲ ಬ್ಯಾಗಿನಲ್ಲಿವೆ. ಡಾಕ್ಟರ್ ಹನ್ನೊಂದಕ್ಕೆ. ಮೊದಲು ನನ್ನನ್ನು ಒಳಗೆ ಕರೆಯುತ್ತಾರೆ, ಆಮೇಲೆ ಅಕ್ಕನನ್ನು. ಕಾರು ಹತ್ತೂಕಾಲಿಗೆ ಬರುತ್ತದೆ.